ಮರಳಿನ ಮರ್ಮವನ್ನರಿತ ಕಾರ್ಲ್ ಟೆರ್ಜಾಗಿ

ಹೊಳೆದಂಡೆಯ ಒಣಮರಳನ್ನು ಮುಷ್ಟಿಯಲ್ಲಿ ಹಿಡಿದರೆ ಬೆರಳ ಸಂದಿನಿಂದ ಸೋರಿಹೋಗುತ್ತದೆ. ಅದನ್ನೇ ಗೋಣಿಚೀಲದಲ್ಲಿ ಬಿಗಿಯಾಗಿ ತುಂಬಿ ಬಾಯಿ ಕಟ್ಟಿದರೆ ಮೇಲೆ ಜನ ಹತ್ತಿ ನಿಂತರೂ ಜಗ್ಗುವುದಿಲ್ಲ. ಮರಳಿಗೆ ಈ ಬಲ ಎಲ್ಲಿಂದ ಬಂತು? ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಅಗ್ರಗಣ್ಯರು, ಮಣ್ಣಿನ ಬಲವಿಜ್ಞಾನದ ಜನಕರೆನಿಸಿದ ಕಾರ್ಲ್ ಟೆರ್ಜಾಗಿ. ಅವರ ಬಾಳಿನ ಕೆಲವು ಸಂಗತಿಗಳನ್ನು ಇಲ್ಲಿ ಹೇಳಬಯಸುತ್ತೇವೆ.

ಟೆರ್ಜಾಗಿಯವರು 1883ರ ಅಕ್ಟೋಬರ್ 2ರಂದು ಪ್ರಾಗ್ ನಗರದಲ್ಲಿ ಜನಿಸಿದರು. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿತ್ತು. ಗ್ರಾಟ್ಸ್ ನಗರದಲ್ಲಿ ಓದಿದ್ದು ಯಂತ್ರಗಳ ಎಂಜಿನಿಯರಿಂಗ್. ಮನಸ್ಸು ಒಲಿದದ್ದು ಭೂವಿಜ್ಞಾನಕ್ಕೆ. ಉಕ್ಕಿನ ಸೇತುವೆಯ ಲೆಕ್ಕವನ್ನು ಕರಾರುವಾಕ್ಕಾಗಿ ಹಾಕುತ್ತಿದ್ದ ಆ ಕಾಲದಲ್ಲಿ, ಅದನ್ನು ಹೊರುವ ನೆಲದ ವಿಷಯಕ್ಕೆ ಬಂದರೆ ಹೆಚ್ಚಾಗಿ ಊಹೆಯೇ ಗತಿ. 1912ರಲ್ಲಿ ಅಮೆರಿಕಕ್ಕೆ ಹೋಗಿ ಅಣೆಕಟ್ಟುಗಳ ಕಾಮಗಾರಿಗಳನ್ನು ಸುತ್ತಿ ನೋಡಿದರೂ ಅವರಿಗೆ ಬೇಕಾದ ಉತ್ತರ ದೊರೆಯಲಿಲ್ಲ.

1916ರಲ್ಲಿ ಕಾನ್‌ಸ್ಟಾಂಟಿನೋಪಲಿನ, ಎಂದರೆ ಇಂದಿನ ಇಸ್ತಾಂಬುಲಿನ, ಎಂಜಿನಿಯರಿಂಗ್ ಶಾಲೆಗೆ ಅಧ್ಯಾಪಕರಾಗಿ ಹೋದರು. ಮಹಾಯುದ್ಧದಲ್ಲಿ ಅವರ ದೇಶ ಸೋತಾಗ ಆ ಕೆಲಸ ಕೈತಪ್ಪಿತು. ಅದೇ ಊರಿನ ರಾಬರ್ಟ್ ಕಾಲೇಜು ಆಶ್ರಯ ಕೊಟ್ಟಿತು. ಸಂಬಳ ಅಲ್ಪ, ಉಪಕರಣಕ್ಕೆ ಹಣವಿಲ್ಲ. ಸಿಗಾರಿನ ಪೆಟ್ಟಿಗೆ, ಅಡುಗೆಮನೆಯ ಸಾಮಾನು, ಗುಜರಿಗೆ ಬಿದ್ದ ತುಂಡುಗಳು, ಇಂಥವುಗಳಿಂದಲೇ ಪ್ರಯೋಗಗಳು ಸಾಗಿದವು. ನಮ್ಮ ಶಾಲೆಗಳಲ್ಲಿ ಸಾಧನಗಳಿಲ್ಲವೆಂದು ಕೊರಗುವವರು ಈ ಪೆಟ್ಟಿಗೆಗಳನ್ನು ಕೊಂಚ ನೆನೆಯಬೇಕು. ಮರಳನ್ನು ತುಂಬಿ, ಅದಕ್ಕೆ ಆತುಕೊಂಡ ಗೋಡೆಯನ್ನು ಸ್ವಲ್ಪವೇ ಸರಿಸಿ, ಒತ್ತಡ ಎಷ್ಟು ಬದಲಾಗುವುದೆಂದು ಅವರು ಅಳೆದರು. ಗೋಡೆ ತುಸು ಹೊರಗೆ ಸರಿದರೂ ಸಾಕು, ಒತ್ತಡ ಬಹಳ ಇಳಿಯುತ್ತಿತ್ತು. ಹಳೆಯ ಸೂತ್ರಗಳು ಈ ಅಲ್ಪ ಚಲನೆಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಬಳಿಕ ಜೇಡಿಮಣ್ಣು ಮತ್ತು ನೀರಿನ ಸಂಬಂಧವನ್ನು ಪರೀಕ್ಷಿಸಿದರು. ನೆನೆದ ಮಣ್ಣಿನ ಮೇಲಿನ ಭಾರವನ್ನು ಕಣಗಳೂ ನೀರೂ ಹಂಚಿಕೊಂಡು ಹೊರುತ್ತವೆ. ಮಣ್ಣಿಗೆ ಗಟ್ಟಿತನ ಕೊಡುವುದು ಕಣ ಕಣವನ್ನು ಒತ್ತುವ ಪಾಲು ಮಾತ್ರ. ಒಟ್ಟು ಒತ್ತಡದಲ್ಲಿ ನೀರಿನ ಒತ್ತಡವನ್ನು ಕಳೆದರೆ ಆ ಪಾಲು ಸಿಗುತ್ತದೆ. ಪ್ರಾಥಮಿಕ ಶಾಲೆಯ ಮಗುವೂ ಮಾಡಬಲ್ಲ ವ್ಯವಕಲನ! ಈ ಸಂಶೋಧನೆಗಳ ಗ್ರಂಥ 1925ರಲ್ಲಿ ವಿಯೆನ್ನಾದಲ್ಲಿ ಪ್ರಕಟವಾಯಿತು. ಅದೇ ವರ್ಷ ಅಮೆರಿಕದ ಮಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆ ಅವರನ್ನು ಬರಮಾಡಿಕೊಂಡಿತು. ಮುಂದೆ ವಿಯೆನ್ನಾದಲ್ಲೂ ಹಾರ್ವರ್ಡಿನಲ್ಲೂ ಪಾಠ ಹೇಳಿ, ಅನೇಕ ಅಣೆಕಟ್ಟುಗಳಿಗೆ ಸಲಹೆಗಾರರಾಗಿ, 1963ರ ಅಕ್ಟೋಬರ್ 25ರಂದು ತೀರಿಕೊಂಡರು.

ಅದೇ 1963ರಲ್ಲಿ ಅಮೆರಿಕದ ಹಾರ್ಡಿನ್ ಮತ್ತು ರಿಚರ್ಟ್ ಎಂಬ ಎಂಜಿನಿಯರುಗಳು ಮರಳನ್ನು ಅಲುಗಿಸಿ ನೋಡಿದ ಪರೀಕ್ಷೆಗಳನ್ನು ಪ್ರಕಟಿಸಿದರು. ಈ ವಿಧಾನಕ್ಕೆ ಜಪಾನಿನಲ್ಲಿ 1930ರ ದಶಕದಲ್ಲೇ ನಾಂದಿಯಾಗಿತ್ತು. ಮರಳಿನ ಕಂಬವೊಂದನ್ನು ತೆಳ್ಳನೆಯ ರಬ್ಬರಿನಲ್ಲಿ ಸುತ್ತಿ, ಸುತ್ತಲಿಂದ ಒತ್ತಡ ಕೊಟ್ಟು, ಮೆಲ್ಲಗೆ ಕಂಪಿಸುವಂತೆ ಮಾಡುತ್ತಾರೆ. ಉಯ್ಯಾಲೆಯನ್ನು ಅದರ ಲಯಕ್ಕೆ ತಕ್ಕಂತೆ ತಳ್ಳಿದಾಗ ಜೀಕು ಏರುವುದಲ್ಲವೇ? ಹಾಗೆಯೇ ಕಂಬಕ್ಕೂ ತನ್ನದೇ ಲಯವಿದೆ. ಅದನ್ನು ಹಿಡಿದರೆ ಮರಳಿನಲ್ಲಿ ಅಲೆ ಸಾಗುವ ವೇಗವೂ, ಅದರಿಂದ ಮರಳಿನ ಬಿಗುವೂ ತಿಳಿಯುತ್ತವೆ. ಕಣಗಳ ನಡುವಿನ ಒತ್ತಡ ನಾಲ್ಕುಪಟ್ಟಾದರೆ ಬಿಗುವು ಸುಮಾರು ಇಮ್ಮಡಿಯಾಗುತ್ತದೆ. ಗೋಣಿಚೀಲದ ಗುಟ್ಟೂ ಇದೇ.

1964ರ ಜೂನ್ 16ರಂದು ಜಪಾನಿನ ನೀಗಾಟಾದಲ್ಲಿ ಭೂಕಂಪವಾಯಿತು. ಕವಾಗಿಶಿ ಬಡಾವಣೆಯ ವಸತಿ ಕಟ್ಟಡಗಳು ಒಡೆಯದೆ, ಇಡಿಯಾಗಿ ಪಕ್ಕಕ್ಕೆ ವಾಲಿದವು. ನೆಲದಡಿಯ ನೆನೆದ ಮರಳು ನಡುಗಿ, ನೀರಿನ ಒತ್ತಡ ಏರಿ, ಕಣಗಳ ಪಾಲು ಬಹುಮಟ್ಟಿಗೆ ಇಲ್ಲವಾಗಿತ್ತು. ಆ ಬಳಿಕ, ದೊಡ್ಡ ಕಟ್ಟಡ ಏಳುವ ಮೊದಲೇ ಅಲ್ಲಿನ ಮರಳನ್ನು ಪ್ರಯೋಗಶಾಲೆಯಲ್ಲಿ ಅಲುಗಿಸಿ, ಜೊತೆಗೆ ನೀರಿನ ಒತ್ತಡವನ್ನೂ ಅಳೆಯುವ ಪದ್ಧತಿ ಬೆಳೆಯಿತು.