ಶ್ರೀ ರಮಣ ಮಹರ್ಷಿಗಳ ಕೊನೆಯ ಸಂತೋಷ

ರೋಗವು ಮಹಾತ್ಮರನ್ನೂ ಬಿಡದು. ಆದರೆ ರೋಗಶಯ್ಯೆಯಲ್ಲಿಯೂ ತೃಪ್ತಿ, ಕೃತಜ್ಞತೆಗಳು ಬಾಡದೆ ಉಳಿಯಬಲ್ಲವೆಂಬುದಕ್ಕೆ ಭಗವಾನ್ ಶ್ರೀ ರಮಣ ಮಹರ್ಷಿಗಳ ಅಂತ್ಯಕಾಲವು ಉಜ್ವಲ ನಿದರ್ಶನವಾಗಿದೆ.

1879ರ ಡಿಸೆಂಬರ್ 30ರಂದು ತಿರುಚ್ಚುಳಿಯಲ್ಲಿ ಜನಿಸಿದ ವೆಂಕಟರಾಮನ್, ಹದಿನಾರನೆಯ ವಯಸ್ಸಿನಲ್ಲಿ ಮಧುರೆಯ ಮನೆಯಲ್ಲಿ ಮರಣಭಯವನ್ನು ಎದುರಿಸಿ, ದೇಹವು ಅಳಿದರೂ ಅಳಿಯದ ಆತ್ಮವನ್ನು ಅರಿತರು. 1896ರ ಸೆಪ್ಟೆಂಬರ್ 1ರಂದು ತಿರುವಣ್ಣಾಮಲೈಯನ್ನು ಸೇರಿದವರು ಮುಂದೆಂದೂ ಅರುಣಾಚಲದ ಸನ್ನಿಧಿಯನ್ನು ಬಿಟ್ಟು ಕದಲಲಿಲ್ಲ. ಬಾಲ್ಯದಲ್ಲಿ ಕಂಡ ಆ ಸತ್ಯಕ್ಕೆ ಎಪ್ಪತ್ತರ ಹೊಸ್ತಿಲಲ್ಲಿ ಅಗ್ನಿಪರೀಕ್ಷೆ ಒದಗಿತು.

1948ರ ಕೊನೆಯಲ್ಲಿ ಅವರ ಎಡಮೊಳಕೈಯ ಕೆಳಗೆ ಚಿಕ್ಕದೊಂದು ಗಂಟು ಕಾಣಿಸಿಕೊಂಡಿತು. 1949ರ ಫೆಬ್ರವರಿಯಲ್ಲಿ ಅದನ್ನು ಕತ್ತರಿಸಿ ತೆಗೆದರೂ ಬೇಗನೆ ಮರುಕಳಿಸಿತು. ಅದು ಸಾರ್ಕೋಮಾ ಎಂಬ ಅರ್ಬುದರೋಗವೆಂದು ನಿರ್ಧಾರವಾಯಿತು. ಕೈಯನ್ನೇ ತೆಗೆಯಬೇಕೆಂಬ ಸಲಹೆಯನ್ನು ಮಹರ್ಷಿಗಳು ಶಾಂತವಾಗಿ ನಿರಾಕರಿಸಿದರು. ಡಿಸೆಂಬರ್ ತಿಂಗಳೊಳಗೆ ನಾಲ್ಕು ಶಸ್ತ್ರಚಿಕಿತ್ಸೆಗಳು ನಡೆದವು. ರೇಡಿಯಂ, ಗಿಡಮೂಲಿಕೆ, ಹೋಮಿಯೋಪತಿ ಎಲ್ಲವೂ ಒಂದಾದಮೇಲೊಂದು ಬಂದವು. ತಮಗೆ ಚಿಕಿತ್ಸೆ ಬೇಕೆಂದು ಅವರು ಕೇಳಲಿಲ್ಲ. ಬೇಡವೆಂದು ಭಕ್ತರ ಮನಸ್ಸನ್ನು ನೋಯಿಸಲೂ ಇಲ್ಲ. ಪ್ರೀತಿಯಿಂದ ತಂದುದನ್ನು ಪ್ರೀತಿಯಿಂದಲೇ ಸ್ವೀಕರಿಸಿದರು.

ನೋವು ಇರಲಿಲ್ಲವೆಂದಲ್ಲ. ಆದರೆ ಊಟ ಮುಗಿದ ಮೇಲೆ ಬಾಳೆಯೆಲೆಯನ್ನು ಯಾರೂ ಕಾದಿರಿಸಿಕೊಳ್ಳುವುದಿಲ್ಲ. ಈ ದೇಹವೂ ಅಂತೆಯೇ ಎಂಬುದು ಅವರ ಭಾವವಾಗಿತ್ತು. ದೂರದಿಂದ ಬಂದವರು ನಿರಾಶರಾಗಬಾರದೆಂದು ದರ್ಶನವನ್ನು ಕೊನೆಯವರೆಗೂ ನಿಲ್ಲಿಸಗೊಡಲಿಲ್ಲ. ನವಿಲುಗಳು ಕೂಗಿದರೆ, ಅವಕ್ಕೆ ಆಹಾರ ಹಾಕಿದರೇ ಎಂದು ವಿಚಾರಿಸುತ್ತಿದ್ದರು.

ಅಂತ್ಯಕಾಲದಲ್ಲಿ ಪರಿಚಾರಕರ ಸೇವೆಗೆ ಅವರು ಕೃತಜ್ಞತೆಯನ್ನು ಸೂಚಿಸಿದರು. ಇಂಗ್ಲಿಷರು ಇಂತಹ ಸಂದರ್ಭದಲ್ಲಿ ವಂದನೆ ಹೇಳುವರು, ನಾವಾದರೋ ಸಂತೋಷವೆನ್ನುವೆವು ಎಂಬುದು ಅವರ ಮಾತಿನ ಆಶಯ. ತಮಿಳಿನಲ್ಲಿಯೂ ಕನ್ನಡದಲ್ಲಿಯೂ ಒಂದೇ ಆಗಿರುವ ಈ ಪದದಲ್ಲಿ ಪಡೆದವನ ಋಣಭಾವವೂ ಅವನ ಆನಂದವೂ ಬೆರೆತಿವೆ. ಉರಿಯುವ ವ್ರಣವನ್ನು ಹೊತ್ತ ದೇಹದಿಂದ ಹೊರಟಿತೆಂಬುದರಿಂದ ಅದಕ್ಕೆ ಮಂತ್ರದ ಬೆಲೆ ಬಂದಿದೆ.

1950ರ ಏಪ್ರಿಲ್ 14ರ ಸಂಜೆ, ಹೊರಗಿನ ಜಗಲಿಯಲ್ಲಿ ಕುಳಿತಿದ್ದ ಭಕ್ತರು ಮಹರ್ಷಿಗಳೇ ಹಿಂದೆ ರಚಿಸಿದ್ದ ಅರುಣಾಚಲ ಸ್ತುತಿಯನ್ನು ಹಾಡತೊಡಗಿದರು. ಅವರ ಕಣ್ಣುಗಳು ತೆರೆದವು, ಮುಖದಲ್ಲಿ ಮಂದಹಾಸ ಮೂಡಿತು, ಆನಂದಬಾಷ್ಪ ಹರಿಯಿತು. ರಾತ್ರಿ 8 ಗಂಟೆ 47 ನಿಮಿಷಕ್ಕೆ ಉಸಿರು ನಿಂತಿತು.

ಅವರ ದೇಹಕ್ಕೆ ಆರೋಗ್ಯವು ಮರಳಲಿಲ್ಲ. ಆದರೆ ರೋಗವು ಅವರ ಸಂತೋಷವನ್ನು ಮುಟ್ಟಲಿಲ್ಲ. ಇಂದು ವ್ಯಾಧಿಯೊಡನೆ ಸೆಣಸುತ್ತಿರುವ ಸಕಲರಿಗೂ, ಅವರ ಶುಶ್ರೂಷೆಯಲ್ಲಿ ನಿರತರಾದವರಿಗೂ ಆ ಸಂತೋಷದ ಒಂದು ಕಣವಾದರೂ ಲಭಿಸಲಿ.