ಗುರಿ ತಪ್ಪಿದ ನೆಲದಲ್ಲಿ ಒಬ್ಬ ಗುರು

ಲಿಂಗನಮಕ್ಕಿಯ ಹಿನ್ನೀರನ್ನು ಕಂಡಿರುವ ಸಾಗರ, ಹೊಸನಗರ ಸೀಮೆಯ ಓದುಗರಿಗೆ, ಮಳೆಗಾಲದ ತುಂಗೆಯನ್ನು ಬಲ್ಲ ತೀರ್ಥಹಳ್ಳಿಯವರಿಗೆ, ಗದ್ದೆಯಿದ್ದಲ್ಲಿ ನೀರು ನಿಂತ ದೃಶ್ಯವನ್ನು ನಾವು ವರ್ಣಿಸಬೇಕಾಗಿಲ್ಲ. ಅದರಲ್ಲಿ ಎಲ್ಲಿ ಮೊಣಕಾಲುದ್ದ, ಎಲ್ಲಿ ಆಳುದ್ದ ಎಂಬುದು ಮೇಲಿನಿಂದ ನೋಡಿದವನಿಗೆ ತಿಳಿಯದು. 1944ರ ಜೂನ್ 6ರಂದು, ಬೆಳಕು ಹರಿಯುವ ಮುನ್ನ, ಫ್ರಾನ್ಸಿನ ನಾರ್ಮಂಡಿಯಲ್ಲಿ ಅಂಥದೇ ನೀರಿಗೆ ಆಕಾಶದಿಂದ ಬಿದ್ದ ಕಥೋಲಿಕ ಗುರುವೊಬ್ಬರ ಬಾಳನ್ನು ಈ ವಾರ ಸ್ಮರಿಸೋಣ. ಪ್ಯಾರಾಚೂಟ್ ಪಾದ್ರಿಯೆಂದು ಖ್ಯಾತರಾದ ವಂದನೀಯ ಫ್ರಾನ್ಸಿಸ್ ಸ್ಯಾಂಪ್ಸನ್ ಅವರೇ ಆ ಗುರು.

ಅವರು 1912ರ ಫೆಬ್ರುವರಿ 29ರಂದು ಅಮೆರಿಕದ ಅಯೋವಾ ರಾಜ್ಯದ ಚೆರೋಕಿಯಲ್ಲಿ ಜನಿಸಿದರು. ನಾಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಓದಿ, 1941ರಲ್ಲಿ ಡೆ ಮಾಯ್ನ್ ಧರ್ಮಪ್ರಾಂತ್ಯಕ್ಕಾಗಿ ಗುರುದೀಕ್ಷೆ ಪಡೆದರು. ಮರುವರ್ಷವೇ ಸೇನೆಯ ಗುರುಗಳಾಗಿ ಸೇರಿ, ಪ್ಯಾರಾಚೂಟ್ ತರಬೇತಿ ಮುಗಿಸಿ, 501ನೆಯ ಪ್ಯಾರಾಚೂಟ್ ರೆಜಿಮೆಂಟಿನ ಆತ್ಮಪಾಲನೆಯ ಹೊಣೆ ಹೊತ್ತರು. ಸೇನೆಯ ಗುರುವಿಗೆ ಆಯುಧವಿಲ್ಲ. ಬಲಿಪೂಜೆಯ ಪರಿಕರಗಳಿದ್ದ ಚೀಲವೇ ಅವರ ಪಾಲಿನ ಸಾಮಗ್ರಿ.

ಆ ರಾತ್ರಿ ಹದಿಮೂರು ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ನಾರ್ಮಂಡಿಯ ಮೇಲೆ ಧುಮುಕಿದರು. ಕರಾವಳಿ ದಾಟುತ್ತಿದ್ದಂತೆ ವಿಮಾನಗಳು ದಟ್ಟ ಮೋಡದೊಳಗೆ ಹೊಕ್ಕವು. ಕೆಳಗಿನಿಂದ ಜರ್ಮನರ ಫಿರಂಗಿಗಳು ಗುಂಡು ಸುರಿಸಿದವು. ಸಾಲು ಚದುರಿತು. ಎಷ್ಟೋ ಚಾಲಕರು ವೇಗವನ್ನು ತಗ್ಗಿಸದೆ, ನೆಲದ ಗುರುತು ಸಿಗದೆ, ಜಿಗಿಯುವ ಸೂಚನೆ ಕೊಟ್ಟುಬಿಟ್ಟರು. ನೆಲದಿಂದ ಬೆಳಕಿನ ಗುರುತು ತೋರಿಸಬೇಕಾಗಿದ್ದ ಮುಂಗಾಮಿ ತುಕಡಿಗಳಲ್ಲೂ ಹಲವು ದಾರಿ ತಪ್ಪಿದ್ದವು. ಜರ್ಮನರು ದೂವ್, ಮೆರ್ದೆರೆ ನದಿಗಳ ಬಯಲಿಗೆ ನೀರು ನುಗ್ಗಿಸಿದ್ದರು. ಹೊರೆ ಹೊತ್ತು ಅದರಲ್ಲಿ ಬಿದ್ದವರು ಕೆಲವರು ಪ್ಯಾರಾಚೂಟಿನ ಹಗ್ಗ ಬಿಡಿಸಿಕೊಳ್ಳಲಾಗದೆ ಮುಳುಗಿ ಹೋದರು.

ಸ್ಯಾಂಪ್ಸನ್ ಅವರೂ ತಲೆ ಮುಳುಗುವ ನೀರಿಗೇ ಬಿದ್ದರು. ಭಾರದ ಚೀಲಗಳನ್ನು ಕತ್ತರಿಸಿ ಬಿಟ್ಟರು. ಮಡಚಿಕೊಳ್ಳದ ಪ್ಯಾರಾಚೂಟ್ ಗಾಳಿಗೆ ಉಬ್ಬಿ ಅವರನ್ನು ಎಳೆದೊಯ್ದು ಆಳವಿಲ್ಲದ ಕಡೆ ಮುಟ್ಟಿಸಿತು. ಉಸಿರು ಸುಧಾರಿಸಿದ ಮೇಲೆ ಅವರು ದಡದ ಮರೆಯನ್ನು ಹುಡುಕಲಿಲ್ಲ. ಬಿದ್ದ ಜಾಗಕ್ಕೇ ಮರಳಿ ಹಲವು ಸಲ ಮುಳುಗಿ, ಬಲಿಪೂಜೆಯ ಚೀಲವನ್ನು ಮೇಲೆತ್ತಿದರು.

ತಮ್ಮವರನ್ನು ಅರಸುತ್ತ ಹೋದ ಅವರಿಗೆ ಅಡ್‌ವಿಲ್ ಎಂಬ ಊರಿನ ಒಂದು ರೈತರ ಮನೆಯಲ್ಲಿ ಗಾಯಾಳುಗಳು ಸಿಕ್ಕರು. ಸೈನಿಕರು ಆ ಊರು ಬಿಟ್ಟು ಹಿಂದೆ ಸರಿಯಬೇಕಾಯಿತು. ನಡೆಯಲಾರದವರನ್ನು ಬಿಟ್ಟು ಹೋಗಲು ಗುರುಗಳು ಒಪ್ಪಲಿಲ್ಲ. ಜರ್ಮನರು ಬಂದು ಅವರನ್ನು ಹಿಡಿದು, ಗುಂಡಿಕ್ಕಲು ರಸ್ತೆಯ ಬದಿಗೆ ಕರೆದೊಯ್ದರು. ಆ ಗಳಿಗೆಯಲ್ಲಿ ಪಶ್ಚಾತ್ತಾಪದ ಪ್ರಾರ್ಥನೆ ನೆನಪಿಗೆ ಬಾರದೆ, ಊಟಕ್ಕೆ ಮುಂಚಿನ ಪ್ರಾರ್ಥನೆಯೇ ತಮ್ಮ ನಾಲಗೆಗೆ ಬಂದುದನ್ನು ಅವರು ಮುಂದೆ ನಿಸ್ಸಂಕೋಚವಾಗಿ ಹೇಳಿಕೊಂಡಿದ್ದಾರೆ. ಅವರನ್ನು ಉಳಿಸಿದವನು ಒಬ್ಬ ಜರ್ಮನ್ ಸೈನಿಕನೇ. ಅವನೂ ಕಥೋಲಿಕನಾಗಿದ್ದು, ಅಂಗಿಯೊಳಗಿನ ಪದಕವನ್ನು ತೋರಿಸಿದನು. ಗುರುಗಳು ಗಾಯಾಳುಗಳ ಬಳಿಗೆ ಮರಳಿ ಸೇವೆ ಮುಂದುವರಿಸಿದರು. ಇದಕ್ಕಾಗಿ ಅಮೆರಿಕ ಅವರಿಗೆ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಕ್ರಾಸ್ ನೀಡಿ ಗೌರವಿಸಿತು.

ಅದೇ ವರ್ಷದ ಸೆಪ್ಟೆಂಬರ್ 17ರಂದು ಹಾಲೆಂಡಿನಲ್ಲಿ ಎರಡನೆಯ ಜಿಗಿತ. ಅಂದು ಹಗಲು, ನಿರ್ಮಲ ಆಕಾಶ. ಆದರೂ ಅವರಿದ್ದ ತುಕಡಿ ನಿಶ್ಚಿತ ನೆಲೆಯಿಂದ ಮೈಲುಗಟ್ಟಲೆ ದೂರ, ಹೇಸ್‌ವೈಕ್ ಕೋಟೆಯ ಸುತ್ತ ಇಳಿಯಿತು. ಗುರುಗಳು ಬಿದ್ದದ್ದು ಆ ಕೋಟೆಯ ಕಂದಕದ ನೀರಿಗೆ. ಡಿಸೆಂಬರಿನಲ್ಲಿ ಬೆಲ್ಜಿಯಂನ ಬಾಸ್ಟೋನ್ ಬಳಿ ಗಾಯಾಳುಗಳನ್ನು ಹುಡುಕಿಕೊಂಡು ಹೋದಾಗ ಮತ್ತೆ ಸೆರೆಯಾದರು. ಅಧಿಕಾರಿಗಳಿಗೆ ಬೇರೆ ಶಿಬಿರವಿದ್ದರೂ ನೋಯ್‌ಬ್ರಾಂಡೆನ್‌ಬುರ್ಗ್‌ನ ಶಿಬಿರದಲ್ಲಿ ಸಾಮಾನ್ಯ ಸೈನಿಕರೊಡನೆ ಉಳಿಯಲು ತಾವೇ ಕೇಳಿಕೊಂಡರು. 1945ರ ಏಪ್ರಿಲಿನಲ್ಲಿ ಸೋವಿಯತ್ ಸೇನೆ ಅಲ್ಲಿಗೆ ಬರುವವರೆಗೆ ಹಸಿದವರ ನಡುವೆ ತಾವೂ ಹಸಿದು ಬಾಳಿದರು.

1950ರ ಅಕ್ಟೋಬರ್ 20ರಂದು ಕೊರಿಯಾದಲ್ಲಿ ಧುಮುಕಿದ ದಳದೊಂದಿಗೂ ಅವರಿದ್ದರು. ರೈಲಿನಲ್ಲಿ ಸಾಗಿಸಲಾಗುತ್ತಿದ್ದ ಯುದ್ಧಕೈದಿಗಳನ್ನು ಬಿಡಿಸುವುದು ಅಂದಿನ ಉದ್ದೇಶಗಳಲ್ಲೊಂದು. ಈ ಬಾರಿ ದಳ ಬಹುಮಟ್ಟಿಗೆ ಸರಿಯಾದ ನೆಲೆಯಲ್ಲೇ ಇಳಿಯಿತು. ಆದರೆ ನೆರವು ತಲಪುವ ಮುನ್ನವೇ ಸುನ್‌ಚೋನ್ ಬಳಿಯ ಸುರಂಗದಲ್ಲಿ ಹಲವು ಕೈದಿಗಳು ಕೊಲೆಯಾಗಿದ್ದರು. ಸರಿಯಾದ ನೆಲದಲ್ಲಿ ಇಳಿದ ಮಾತ್ರಕ್ಕೆ ಕಾರ್ಯ ಕೈಗೂಡುವುದಿಲ್ಲವೆಂಬುದನ್ನೂ ಅವರ ಬಾಳು ಕಂಡಿತು.

1967ರಿಂದ 1971ರವರೆಗೆ ಅವರು ಅಮೆರಿಕದ ಭೂಸೇನೆಯ ಗುರುಗಳ ಮುಖ್ಯಸ್ಥರಾಗಿ, ಮೇಜರ್ ಜನರಲ್ ಪದವಿಯಲ್ಲಿ ದುಡಿದರು. 1996ರ ಜನವರಿ 28ರಂದು ನಿಧನರಾದರು.

ಗುರಿ ತಪ್ಪಿದ ಇಳಿತ ಪರದೇಶದವರಿಗಷ್ಟೇ ಒದಗಿದ್ದಲ್ಲ. 1971ರ ಡಿಸೆಂಬರ್ 11ರಂದು ಟಾಂಗೈಲ್‌ನಲ್ಲಿ ನಮ್ಮ ಸೇನೆಯ ಎರಡನೆಯ ಪ್ಯಾರಾ ದಳ ಇಳಿದಾಗಲೂ ಕೆಲವರು ನೆಲೆಯಿಂದ ದೂರ ಬಿದ್ದರು, ಕೆಲವು ಸಾಮಗ್ರಿಗಳು ಕೊಳಗಳ ಪಾಲಾದವು. ಅಲ್ಲಿನ ಹಳ್ಳಿಗರು ಓಡಿಬಂದು ಹೊರೆಗೆ ಹೆಗಲು ಕೊಟ್ಟರು.

ಇಂಥ ಇಳಿತಗಳನ್ನೆಲ್ಲ ದೈವಯೋಜನೆಯೆಂದು ಹೇಳಿ ಸುಮ್ಮನಾಗಲು ನಮ್ಮ ಮನಸ್ಸು ಒಪ್ಪದು. ದೂವ್ ನದಿಯ ಬಯಲಿನಲ್ಲಿ ಮುಳುಗಿದ ಯುವಕರು ಅದಕ್ಕೆ ಅಡ್ಡ ನಿಲ್ಲುತ್ತಾರೆ. ಶರಾವತಿಯ ನೀರು ಏರಿದಾಗ ಮನೆ, ತೋಟ ತೊರೆದು ತಾವು ಆರಿಸದ ನೆಲದಲ್ಲಿ ಇಳಿಯಬೇಕಾದ ನಮ್ಮ ಸೀಮೆಯ ಕುಟುಂಬಗಳೂ ಅಡ್ಡ ನಿಲ್ಲುತ್ತವೆ. ತಪ್ಪಿದ ಲೆಕ್ಕಕ್ಕೆ ಲೆಕ್ಕ ಹಾಕಿದವರೇ ಉತ್ತರ ಹೇಳಬೇಕು, ಬಿದ್ದವರಲ್ಲ. ಆದರೆ ಬಿದ್ದ ಜಾಗದಲ್ಲಿ ಪಕ್ಕದಲ್ಲೇ ಗಾಯಗೊಂಡು ಮಲಗಿರುವವನು, ಇದು ನನ್ನ ನೆಲೆಯಲ್ಲವೆಂದು ನಾವು ನಡೆದುಬಿಟ್ಟರೆ, ಯಾರ ಪಾಲಿಗೆ ಸೇರಬೇಕು? ಘಟ್ಟದ ಕೆಳಗಿನಿಂದ ಬಂದು ಮಲೆನಾಡಿನ ಸಣ್ಣಪುಟ್ಟ ಧರ್ಮಕೇಂದ್ರಗಳಲ್ಲಿ, ಪರಿಚಯವಿಲ್ಲದ ಮಳೆಯಲ್ಲಿ, ಮನೆಮನೆ ನಡೆದು ಸೇವೆಗೈದ ಗುರುಗಳೂ ಕನ್ಯಾಸ್ತ್ರೀಯರೂ ತಮ್ಮ ದುಡಿಮೆಯಿಂದಲೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಅವರನ್ನೂ ಈ ವಾರ ನಮ್ಮ ಪ್ರಾರ್ಥನೆಯಲ್ಲಿ ನೆನೆಯೋಣ.