ಪ್ರತಿ ಕೋಣೆಗೂ ಗಾಳಿ, ಬೆಳಕು: ಬೀದರ್‌ನ ಖ್ವಾಜಾ ಮಹ್ಮೂದ್ ಗವಾನ್

ಬಶೀರಾಬಾದ್ ಎಂಬ ಊರಿನ ಹೆಸರನ್ನು ನಮ್ಮ ಕರಾವಳಿಯ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ತೆಲಂಗಾಣದ ತಾಂಡೂರಿನ ಪಕ್ಕ, ಕಲಬುರಗಿ ಜಿಲ್ಲೆಯ ಗಡಿಗೆ ಹತ್ತಿರವಿರುವ ಊರು ಅದು. ತೆಲುಗು, ಕನ್ನಡ, ಉರ್ದು ಮೂರೂ ಆ ಕಡೆ ನಡೆಯುತ್ತವೆ. ನಾವು ಅಂಗಳಕ್ಕೆ ಹಾಸುವ ತಾಂಡೂರು ಕಲ್ಲು ಬರುವುದು ಆ ಸೀಮೆಯಿಂದಲೇ. ಬೇಸಿಗೆ ಬಂತೆಂದರೆ 40 ಡಿಗ್ರಿ ದಾಟುವ ಒಣ ಬಿಸಿಲು.

ಇಂಥ ಊರುಗಳಿಗೂ ಈಗ ಎಸಿ ಬಂದಿದೆ. ಸ್ವಲ್ಪ ಅನುಕೂಲ ಇದ್ದವರು ಒಂದೇ ದೊಡ್ಡ ಯಂತ್ರ ಇಟ್ಟು, ಡಕ್ಟ್ ಎಳೆದು, ಎಲ್ಲ ಕೋಣೆಗೂ ತಣ್ಣನೆ ಗಾಳಿ ಹಂಚುತ್ತಾರೆ. ಆದರೆ ಗಾಳಿ ಸಮನಾಗಿ ಹಂಚಿಕೆಯಾಗುವುದಿಲ್ಲ. ಅತಿಥಿಗಳು ಕೂರುವ ಹಾಲ್‌ನಲ್ಲಿ ಶಾಲು ಹೊದೆಯಬೇಕು, ಹಿಂದಿನ ಕೋಣೆಯಲ್ಲಿ ಬೆವರು ಒರೆಸಬೇಕು. ಆ ಹಿಂದಿನ ಕೋಣೆಯಲ್ಲಿ ಯಾರಿರುತ್ತಾರೆ? ಹೆಚ್ಚಾಗಿ ವಯಸ್ಸಾದ ಉಮ್ಮ, ಇಲ್ಲವೇ ಪರೀಕ್ಷೆಗೆ ಓದುತ್ತಿರುವ ಮಗಳು. ಮಂಗಳೂರಿನ ಮನೆಗಳಲ್ಲೂ ಇದೇ ಕತೆ ಅಲ್ವಾ?

ಕೋಣೆ ಕೋಣೆಗೆ ಗಾಳಿ ಹಂಚುವ ಈ ಚಿಂತೆ ಎಸಿಯ ಜೊತೆ ಹುಟ್ಟಿದ್ದಲ್ಲ. ಬಶೀರಾಬಾದ್‌ನಿಂದ ಉತ್ತರಕ್ಕೆ ಹೋಗಿ, ಜಹೀರಾಬಾದ್ ದಾಟಿದರೆ ಬೀದರ್ ಸಿಗುತ್ತದೆ. ಅಲ್ಲಿ 550 ವರ್ಷಗಳ ಹಿಂದೆ ಕಟ್ಟಿದ ಒಂದು ಮದ್ರಸ ಇದೆ. ಕರೆಂಟು ಇಲ್ಲದ ಕಾಲದಲ್ಲಿ, ಮೂರು ಮಹಡಿಯ ಆ ಕಟ್ಟಡದಲ್ಲಿ ವಿದ್ಯಾರ್ಥಿಗಳ ಕೋಣೆಗಳಿಗೆ ಗಾಳಿ, ಬೆಳಕು ಸಿಗುವ ಹಾಗೆ ಯೋಜನೆ ಮಾಡಲಾಗಿತ್ತು. ಅದನ್ನು ಕಟ್ಟಿಸಿದವರು ಖ್ವಾಜಾ ಮಹ್ಮೂದ್ ಗವಾನ್.

ಗವಾನ್ ಹುಟ್ಟಿದ್ದು 1411ರಲ್ಲಿ, ಇರಾನಿನ ಗೀಲಾನ್ ಪ್ರಾಂತ್ಯದಲ್ಲಿ. ಮನೆತನದವರು ಅಲ್ಲಿನ ಅರಸರ ಬಳಿ ಮಂತ್ರಿಗಳಾಗಿದ್ದವರು. ದರ್ಬಾರಿನ ಒಳಜಗಳದಿಂದಾಗಿ ಗವಾನ್ ಊರು ಬಿಡಬೇಕಾಯಿತು. ಬದುಕಿಗೆ ಆರಿಸಿಕೊಂಡದ್ದು ವ್ಯಾಪಾರ. ಊರಿಂದ ಊರಿಗೆ ಸರಕು ಸಾಗಿಸುತ್ತಾ, ಹೋದಲ್ಲೆಲ್ಲ ಆಲಿಮರ ಜೊತೆ ಕೂತು ಕಲಿಯುತ್ತಾ ಅವರು 1453ರ ಹೊತ್ತಿಗೆ ಹಡಗಿನಲ್ಲಿ ಕೊಂಕಣದ ದಾಭೋಲ್ ಬಂದರಿಗೆ ಬಂದಿಳಿದರು. ಆಗ ಅವರಿಗೆ 42ರ ಆಸುಪಾಸು ವಯಸ್ಸು. ಸಮುದ್ರ, ಬಂದರು, ವ್ಯಾಪಾರ ಎಂದರೆ ಬ್ಯಾರಿಗಳಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ದಾಭೋಲ್‌ನಿಂದ ಅವರು ಬಹಮನಿ ರಾಜಧಾನಿ ಬೀದರ್‌ಗೆ ಹೋದರು. ಅಲ್ಲಿನ ಸೂಫಿ ವಿದ್ವಾಂಸರನ್ನು ಕಾಣುವುದು, ಸರಕು ಮಾರುವುದು, ಮತ್ತೆ ಮುಂದೆ ಹೋಗುವುದು ಅವರ ಲೆಕ್ಕಾಚಾರ. ಸುಲ್ತಾನ್ ಎರಡನೇ ಅಲಾವುದ್ದೀನ್ ಅಹ್ಮದ್ ಅವರ ತಿಳಿವಳಿಕೆ ಕಂಡು ಬಿಡಲಿಲ್ಲ, ದರ್ಬಾರಿನಲ್ಲೇ ಇರಿಸಿಕೊಂಡರು. ಮುಂದೆ ಹುಮಾಯೂನ್ ಶಾ ಕಾಲದಲ್ಲಿ ಅವರಿಗೆ ಮಲಿಕ್-ಉತ್-ತುಜ್ಜಾರ್, ಅಂದರೆ ವರ್ತಕರ ಒಡೆಯ ಎಂಬ ಬಿರುದು ಸಿಕ್ಕಿತು. 1461ರಲ್ಲಿ ಹುಮಾಯೂನ್ ತೀರಿಕೊಂಡಾಗ ಸಿಂಹಾಸನಕ್ಕೆ ಬಂದವನು ಪುಟ್ಟ ಬಾಲಕ. ರಾಜಮಾತೆಯ ಜೊತೆ ಸೇರಿ ರಾಜ್ಯವನ್ನು ಕಾಪಾಡಿದವರಲ್ಲಿ ಗವಾನ್ ಒಬ್ಬರು. ಮೂರನೇ ಮುಹಮ್ಮದ್ ಶಾ ಕಾಲಕ್ಕೆ ಅವರೇ ಪ್ರಧಾನ ವಜೀರರು. 1472ರಲ್ಲಿ ಗೋವಾ ಬಂದರು ಬಹಮನಿಗಳ ಕೈ ಸೇರಿದ್ದು ಅವರ ನಾಯಕತ್ವದಲ್ಲೇ.

ಅದೇ 1472ರಲ್ಲಿ, ಹಿಜರಿ 877ರಲ್ಲಿ, ಬೀದರ್‌ನ ಮದ್ರಸ ಸಿದ್ಧವಾಯಿತು. ಸುಮಾರು 205 ಅಡಿ ಉದ್ದ, 180 ಅಡಿ ಅಗಲ. ನಡುವೆ ದೊಡ್ಡ ಅಂಗಳ, ಅದರ ಸುತ್ತ ಪಾಠದ ಹಜಾರಗಳು, ಮಸೀದಿ, ಗ್ರಂಥಾಲಯ. ವಿದ್ಯಾರ್ಥಿಗಳಿಗೆ 36 ಕೋಣೆ, ಉಸ್ತಾದರಿಗೆ 6 ಬಿಡಾರ. ಊಟ, ವಸತಿ ಉಚಿತ. ಗ್ರಂಥಾಲಯದಲ್ಲಿ 3000 ಹಸ್ತಪ್ರತಿಗಳಿದ್ದವು ಎನ್ನುತ್ತಾರೆ. ನೆಲದ ತೇವ ಮೇಲೇರದಂತೆ ತಳಪಾಯದಲ್ಲಿ ಸೀಸದ ತಗಡು ಹಾಸಿದ್ದರು.

ಗಾಳಿಯ ವಿಷಯ ನೋಡಿ. ಕಟ್ಟಡದ ಹೊರಗೋಡೆಯಲ್ಲಿ ಮಹಡಿ ಮಹಡಿಗೂ ಕಮಾನಿನ ಕಿಟಕಿಗಳಿವೆ. ಒಳಬದಿ ಅಂಗಳಕ್ಕೆ ತೆರೆದುಕೊಂಡಿದೆ. ಹೊರಗಿನಿಂದ ಬಂದ ಗಾಳಿ ಒಳಗೆ ನಿಂತು ಕೊಳೆಯುವುದಿಲ್ಲ, ಅಂಗಳದ ಕಡೆಗೆ ದಾರಿ ಸಿಗುತ್ತದೆ. ಬಿಸಿಯಾದ ಗಾಳಿ ಅಂಗಳದಿಂದ ಮೇಲಕ್ಕೆ ಏರಿ ಹೋಗುತ್ತದೆ, ಆ ಜಾಗಕ್ಕೆ ಬೇರೆ ಗಾಳಿ ಬರುತ್ತದೆ. ದಪ್ಪ ಗೋಡೆಗಳು ಮಧ್ಯಾಹ್ನದ ಶಾಖ ಬೇಗ ಒಳಗೆ ಬರದಂತೆ ತಡೆಯುತ್ತವೆ. ದೂರದೂರಿನಿಂದ ಓದಲು ಬಂದ ಬಡ ಹುಡುಗನೂ ಉಸಿರುಗಟ್ಟದೆ ಕೂತು ಓದಬಹುದಾಗಿತ್ತು.

ರಾಜ್ಯವನ್ನೂ ಗವಾನ್ ಹೀಗೆಯೇ ಹಂಚಲು ನೋಡಿದರು. ಬಹಮನಿ ರಾಜ್ಯದಲ್ಲಿ 4 ದೊಡ್ಡ ಪ್ರಾಂತ್ಯಗಳಿದ್ದವು, ಅವುಗಳ ಅಧಿಪತಿಗಳು ಸಣ್ಣ ಅರಸರಂತೆ ಬೆಳೆದಿದ್ದರು. ಗವಾನ್ ಅವನ್ನು 8 ಮಾಡಿದರು. ಒಬ್ಬ ಅಧಿಪತಿಯ ಕೈಯಲ್ಲಿ ಒಂದೇ ಕೋಟೆ, ಉಳಿದವು ಸುಲ್ತಾನರ ಹತೋಟಿಗೆ ಎಂದು ನಿಯಮ ತಂದರು. ಭೂಮಿ ಅಳತೆ ಮಾಡಿಸಿ ಕಂದಾಯಕ್ಕೆ ಲೆಕ್ಕ ಇಟ್ಟರು. ದಖನಿಗಳು ಮತ್ತು ಹೊರಗಿನಿಂದ ಬಂದ ಆಫಾಕಿಗಳು ಎಂಬ ಎರಡು ಬಣಗಳ ಜಗಳ ಜೋರಾಗಿದ್ದ ಕಾಲ ಅದು. ತಾವೇ ಹೊರಗಿನಿಂದ ಬಂದವರಾದರೂ ಎರಡೂ ಕಡೆಯವರಿಗೆ ಹುದ್ದೆ ಕೊಟ್ಟರು.

ಹಂಚಿದರೆ ಕಡಿಮೆಯಾಗುವುದು ಯಾರಿಗೆ? ಅಷ್ಟರವರೆಗೆ ಎಲ್ಲವನ್ನೂ ತಾವೇ ಅನುಭವಿಸುತ್ತಿದ್ದವರಿಗೆ. ಅವರು ಸುಮ್ಮನಿರಲಿಲ್ಲ. ಗವಾನ್ ಅವರ ಮೊಹರು ಇಟ್ಟುಕೊಳ್ಳುತ್ತಿದ್ದವನನ್ನು ಬುಟ್ಟಿಗೆ ಹಾಕಿಕೊಂಡು, ಖಾಲಿ ಕಾಗದಕ್ಕೆ ಮೊಹರು ಒತ್ತಿಸಿದರು. ಒಡಿಶಾದ ಅರಸನನ್ನು ದಂಡೆತ್ತಿ ಬರಲು ಕರೆಯುವ ಪತ್ರವನ್ನು ಅದರಲ್ಲಿ ಬರೆದರು. ಅಮಲಿನಲ್ಲಿದ್ದ ಸುಲ್ತಾನ ಗವಾನ್ ಅವರನ್ನು ಕರೆಸಿದ. ಹೋಗಬೇಡಿ, ಗುಜರಾತ್‌ಗೆ ಪಾರಾಗಿ ಎಂದು ಗೆಳೆಯರು ಬೇಡಿಕೊಂಡರೂ ಅವರು ಹೋದರು. ಮೊಹರು ತಮ್ಮದು, ಪತ್ರ ತಮ್ಮದಲ್ಲ ಎಂದು ಹೇಳಿದರೂ ವಿಚಾರಣೆ ನಡೆಯಲಿಲ್ಲ. 1481ರ ಏಪ್ರಿಲ್ 5ರಂದು ಅವರ ತಲೆ ಕಡಿಯಲಾಯಿತು.

ಆಮೇಲೆ ಸುಲ್ತಾನ ಅವರ ಸಂಪತ್ತು ಹುಡುಕಿಸಿದ. ದೊಡ್ಡ ಖಜಾನೆ ಸಿಗಬಹುದೆಂದುಕೊಂಡವರಿಗೆ ನಿರಾಸೆಯಾಯಿತು. ಜಹಗೀರಿನ ಆದಾಯ ಸೈನಿಕರಿಗೆ, ಬಡವರಿಗೆ ಹೋಗುತ್ತಿತ್ತು. ತಮ್ಮ ಊಟಕ್ಕೆ ಹಳೆಯ ವ್ಯಾಪಾರದ ಲಾಭವನ್ನೇ ಬಳಸುತ್ತಿದ್ದರು, ಮಣ್ಣಿನ ಪಾತ್ರೆಯಲ್ಲಿ ಅಡುಗೆ, ಚಾಪೆಯ ಮೇಲೆ ನಿದ್ದೆ ಎಂದು ಇತಿಹಾಸಕಾರ ಫಿರಿಶ್ತಾ ದಾಖಲಿಸಿದ್ದಾರೆ. ಸುಲ್ತಾನನಿಗೆ ಸತ್ಯ ಗೊತ್ತಾಗಿ ಪಶ್ಚಾತ್ತಾಪವಾಯಿತು. ಮರುವರ್ಷ ಅವನೂ ತೀರಿಕೊಂಡ. ಕೆಲವೇ ದಶಕಗಳಲ್ಲಿ ಬಹಮನಿ ರಾಜ್ಯ ಐದು ಹೋಳಾಯಿತು.

ಮದ್ರಸಕ್ಕೂ ಪೆಟ್ಟು ಬಿತ್ತು. ಮೊಗಲರ ಕಾಲದಲ್ಲಿ ಅಲ್ಲಿ ಮದ್ದು ಸಂಗ್ರಹಿಸಿಟ್ಟಿದ್ದರು. 17ನೇ ಶತಮಾನದ ಕೊನೆಯಲ್ಲಿ ಅದು ಸ್ಫೋಟಗೊಂಡು ಕಟ್ಟಡದ ಒಂದು ಭಾಗ ಹಾಗೂ ಎರಡರಲ್ಲಿ ಒಂದು ಮಿನಾರ ಕುಸಿದವು. ಉಳಿದದ್ದು ಇಂದಿಗೂ ನಿಂತಿದೆ. ಬೀದರ್‌ಗೆ ಹೋದರೆ ಖಂಡಿತ ನೋಡಿ ಬನ್ನಿ.

ಈಗ ನಮ್ಮ ಹಿಂದಿನ ಕೋಣೆಗೆ ಬರೋಣ. ಗಲ್ಫ್‌ನಲ್ಲಿ ಎಸಿ ಕೆಲಸ ಮಾಡುವ ನಮ್ಮ ಹುಡುಗರಿಗೆ ಇದು ಗೊತ್ತಿರುತ್ತದೆ. ಗಾಳಿ ಸುಲಭದ ದಾರಿ ಹುಡುಕುತ್ತದೆ, ಯಂತ್ರಕ್ಕೆ ಹತ್ತಿರದ ಕೋಣೆಗೇ ಹೆಚ್ಚು ನುಗ್ಗುತ್ತದೆ. ಮೊದಲು ಫಿಲ್ಟರ್ ತೊಳೆಯಿರಿ, ಡಕ್ಟ್ ಸೋರುತ್ತಿದೆಯೇ ನೋಡಿ, ಎಲ್ಲ ಡ್ಯಾಂಪರ್‌ಗಳನ್ನು ಪೂರ್ತಿ ತೆರೆಯಿರಿ. ಆಮೇಲೆ ಅತಿಯಾಗಿ ತಣ್ಣಗಿರುವ ಕೋಣೆಯ ಡ್ಯಾಂಪರನ್ನು ಸ್ವಲ್ಪವೇ ಮುಚ್ಚಿ. ಕೋಣೆಗಳ ಉಷ್ಣತೆ ನಿಲ್ಲುವವರೆಗೆ ಕಾದು ಮತ್ತೆ ನೋಡಿ. ಪಡುವಣ ಬಿಸಿಲು ಬೀಳುವ ಕೋಣೆಗೆ ಹೆಚ್ಚು ಗಾಳಿ ಬೇಕು. ಯಾವುದನ್ನೂ ಪೂರ್ತಿ ಮುಚ್ಚಬೇಡಿ, ಗಾಳಿ ಕಡಿಮೆಯಾದರೆ ಒಳಗಿನ ಕಾಯಿಲ್ ಮೇಲೆ ಮಂಜು ಕಟ್ಟಬಹುದು.

ಎಲ್ಲಕ್ಕಿಂತ ಮುಖ್ಯ, ಬಾಗಿಲು ಹಾಕಿದ ಕೋಣೆಯಿಂದ ಗಾಳಿ ವಾಪಸ್ ಬರಲು ದಾರಿ ಬೇಕು. ಬಾಗಿಲಿನ ಕೆಳಗೆ ಸಂದು ಬಿಡಿ, ಇಲ್ಲವೇ ಗೋಡೆಯಲ್ಲೊಂದು ಗ್ರಿಲ್ ಇಡಿಸಿ. ಹೊರಹೋಗಲು ದಾರಿಯಿಲ್ಲದ ಕೋಣೆಗೆ ಗಾಳಿ ಸರಿಯಾಗಿ ಒಳಗೂ ಬರುವುದಿಲ್ಲ. ಬೀದರ್‌ನ ಆ ಕಿಟಕಿ, ಆ ಅಂಗಳ ಮಾಡುತ್ತಿದ್ದ ಕೆಲಸವೇ ಇದು.

ಹಾಲ್ ಸ್ವಲ್ಪ ಕಡಿಮೆ ತಣ್ಣಗಾದರೆ ಅತಿಥಿಗಳು ಬೇಸರ ಮಾಡಿಕೊಳ್ಳಲಿಕ್ಕಿಲ್ಲ. ಉಮ್ಮ ಮಾತ್ರ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾರೆ.